ಮೈಕ್‌ಸೆಟ್ ಕೆಟ್ಟರೆ ನಾವೇ ಸೋಲ್ಡರ್ ಹಾಕೋಣವೇ, ಅಂಗಡಿಗೆ ಒಯ್ಯೋಣವೇ?

ನಮ್ಮೂರಿನ ಭಜನಾ ಮಂದಿರದ ಆಂಪ್ಲಿಫೈಯರನ್ನು ಒಮ್ಮೆ ನಾನೇ ಕೈಯಾರೆ ಕೊಂದಿದ್ದೇನೆ. ಶನಿವಾರದ ಭಜನೆ ಅರ್ಧ ಆಗಿತ್ತು. ಮೈಕಿನ ಸ್ವರ ಕಟ್ ಕಟ್ ಆಗಲು ಶುರುವಾಯಿತು. ಮರುದಿನ ಆಂಪನ್ನು ಮನೆಗೆ ತಂದು ಚಾವಡಿಯಲ್ಲಿ ಬಿಚ್ಚಿದೆ. ತವರದ ತಂತಿ, ಅಂದರೆ ಸೋಲ್ಡರ್, ಕರಗಿಸಿ ಬೆಸೆಯುವ ಸೋಲ್ಡರಿಂಗ್ ಐರನ್ ಹೊಸದಾಗಿ ತಂದಿದ್ದೆ. ಹೊಸ ಕತ್ತಿ ಸಿಕ್ಕಿದವನಿಗೆ ತೋಟದ ಗಿಡವೆಲ್ಲ ಕಳೆಯಾಗಿಯೇ ಕಾಣುತ್ತದಲ್ಲ, ಹಾಗೆ ಆಯಿತು. ಒಳಗೆ ಒಂದು ಜಾಯಿಂಟ್ ಮಸುಕಾಗಿ ಕಂಡಿತು. ಅದಕ್ಕೆ ಸೋಲ್ಡರ್ ಹಾಕಿದೆ. ಪಕ್ಕದ್ದೂ ಮಸುಕೇ ಅನಿಸಿತು. ಅದಕ್ಕೂ ಹಾಕಿದೆ. ಹೀಗೆ ಹತ್ತು ಹನ್ನೆರಡು. ಮುಚ್ಚಿ ಕರೆಂಟ್ ಕೊಟ್ಟೆ. ಒಳಗಿಂದ ಟಪ್ ಅಂತ ಒಂದು ಸದ್ದು, ಆಮೇಲೆ ಸುಟ್ಟ ವಾಸನೆ.

ಕಾಸರಗೋಡು ಪೇಟೆಯ ಅಂಗಡಿಗೆ ಒಯ್ದೆ. ಅಲ್ಲಿಯ ಅಣ್ಣ ಮುಚ್ಚಳ ತೆಗೆದು ಒಂದು ಕ್ಷಣ ನೋಡಿದರು.

"ಇದಕ್ಕೆ ಯಾರು ಕೈ ಹಾಕಿದ್ದು?"

"ನಾನೇ ಅಣ್ಣಾ."

"ಕಂಪ್ಲೇಂಟ್ ಏನಿತ್ತು?"

"ಮೈಕ್ ಕಟ್ ಕಟ್ ಆಗ್ತಿತ್ತು."

"ಬೇರೆ ವಯರ್ ಹಾಕಿ ನೋಡಿದ್ದೀರಾ ಮಾರಾಯ್ರೆ?"

ನಾನು ನೋಡಿರಲಿಲ್ಲ. ತೊಂದರೆ ಇದ್ದದ್ದು ಮೈಕಿನ ವಯರಿನ ಕುತ್ತಿಗೆಯಲ್ಲಿ. ಆಂಪಿಗೆ ಏನೂ ಆಗಿರಲಿಲ್ಲ. ನಾನು ಬೀಳಿಸಿದ ಒಂದು ಹನಿ ಸೋಲ್ಡರ್ ಔಟ್‌ಪುಟ್ ಟ್ರಾನ್ಸಿಸ್ಟರಿನ ಎರಡು ಕಾಲುಗಳನ್ನು ಸೇರಿಸಿಬಿಟ್ಟಿತ್ತು. ಆ ಹೊತ್ತಿಗೆ ನನ್ನ ಕೈ ಅಷ್ಟೇನೂ ಕೆಟ್ಟದಿರಲಿಲ್ಲ. ಎಲ್ಲಿ ಹಾಕಬೇಕು ಅಂತ ಗೊತ್ತಿಲ್ಲದೆ ಹಾಕಿದ್ದೆ.

ಅದಾದ ಮೇಲೆ ತುಂಬ ವಯರು, ಜ್ಯಾಕು, ಸ್ಪೀಕರು ಸರಿ ಮಾಡಿದ್ದೇನೆ. ಕೆಲವನ್ನು ಮುಟ್ಟದೆ ಅಂಗಡಿಗೆ ಕೊಟ್ಟಿದ್ದೇನೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯವರಿಗೆ ಒಂದು ಜ್ಯಾಕಿಗಾಗಿ ಕಾಸರಗೋಡಿಗೆ ಹೋಗಿ ಬರುವುದೆಂದರೆ ಅರ್ಧ ದಿನದ ಕೆಲಸ. ಅಲ್ಲೂ ಆಗದಿದ್ದರೆ ಮಂಗಳೂರು, ಅಲ್ಲಿಂದ ಇನ್ನೂ ಸುಮಾರು 50 ಕಿಲೋಮೀಟರ್. ಹಾಗಾಗಿ ಮನೆಯಲ್ಲೇ ಮಾಡೋಣ ಅನಿಸುವುದು ಸಹಜ. ಯಾವುದನ್ನು ಮಾಡಬಹುದು, ಯಾವುದನ್ನು ಬಿಡಬೇಕು ಅಂತ ನಾನು ಹೇಗೆ ನಿರ್ಧರಿಸುತ್ತೇನೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು: ತೊಂದರೆ ಎಲ್ಲಿದೆ?

ಐರನ್ನಿನ ಪ್ಲಗ್ ಹಾಕುವ ಮೊದಲು ಇದಕ್ಕೆ ಉತ್ತರ ಬೇಕು. ದಾರಿ ಸುಲಭ. ಒಂದೊಂದಾಗಿ ಬದಲಿಸಿ ನೋಡಿ. ಮೈಕ್ ಹಾಗೇ ಇರಲಿ, ವಯರ್ ಬದಲಿಸಿ. ಆಮೇಲೆ ವಯರ್ ಹಾಗೇ ಇರಲಿ, ಮೈಕ್ ಬದಲಿಸಿ. ಆಮೇಲೆ ಆಂಪಿನ ಅಥವಾ ಮಿಕ್ಸರಿನ ಬೇರೆ ಚಾನೆಲ್ಲಿಗೆ ಹಾಕಿ. ಕೊನೆಗೆ ಸ್ಪೀಕರ್. ಎರಡನ್ನು ಒಟ್ಟಿಗೆ ಬದಲಿಸಬೇಡಿ. ಸರಿಯಾದರೂ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ಸದ್ದು ಕೂಡ ಜಾಗ ಹೇಳುತ್ತದೆ. ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಅನ್ನುತ್ತಿದ್ದರೆ ಕಂಟ್ರೋಲಿನ ಒಳಗೆ ಧೂಳು ಅಥವಾ ತೇವದ ಪದರ ಇದೆ. ಅದಕ್ಕೆ ಸೋಲ್ಡರ್ ಬೇಡ. ಕರೆಂಟ್ ತೆಗೆದು, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯನ್ನು ಸ್ವಲ್ಪವೇ ಬಿಟ್ಟು, ಕಂಟ್ರೋಲನ್ನು ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ. ಬೈಕಿನ ಚೈನಿಗೆ ಬಿಡುವ ಸ್ಪ್ರೇ ಎಣ್ಣೆ ಇದಕ್ಕೆ ಆಗದು. ವಯರನ್ನು ಅಲುಗಾಡಿಸಿದಾಗ ಸ್ವರ ಹೋಗಿ ಬರುತ್ತಿದ್ದರೆ ಪ್ಲಗ್ಗಿನ ಕುತ್ತಿಗೆಯಲ್ಲಿ ಎಳೆ ಕಡಿದಿರುತ್ತದೆ. ಗುಂಯ್ ಅಂತ ಒಂದೇ ಸಮನೆ ಸದ್ದು ಬರುತ್ತಿದ್ದು, ಪ್ಲಗ್ಗಿನ ಲೋಹ ಮುಟ್ಟಿದಾಗ ಹೆಚ್ಚು ಕಡಿಮೆ ಆದರೆ ವಯರಿನ ಹೊರ ಜಾಲರಿ, ಅಂದರೆ ಶೀಲ್ಡ್, ಎಲ್ಲೋ ಬಿಟ್ಟಿದೆ ಅನ್ನುವ ಅನುಮಾನ ಬರಬೇಕು. ಲೈಟೇ ಬರುವುದಿಲ್ಲ ಅಂದರೆ ಪವರ್ ಕಾರ್ಡ್ ಅಥವಾ ಫ್ಯೂಸ್.

ಫ್ಯೂಸಿನ ವಿಷಯ ಬಂತು, ಹೇಳಿಯೇ ಬಿಡುತ್ತೇನೆ. ಹೋದ ಫ್ಯೂಸಿಗೆ ತಾಮ್ರದ ಎಳೆ ಸುತ್ತಬೇಡಿ. ಸಿಗರೇಟು ಪ್ಯಾಕಿನ ಬೇಗಡೆ ಸುತ್ತಿದ್ದನ್ನೂ ನೋಡಿದ್ದೇನೆ. ಅದೇ ಅಳತೆಯ, ಅದೇ ಆಂಪಿಯರಿನ ಫ್ಯೂಸ್ ಹಾಕಿ. ಅದೂ ಕೂಡಲೇ ಹೋದರೆ ಒಳಗೆ ಶಾರ್ಟ್ ಇದೆ. ಮೂರನೆಯದನ್ನು ಹಾಕುವುದು ಸುಮ್ನೆ ದುಡ್ಡು ದಂಡ.

ನಮ್ಮ ಕಡೆ ಇನ್ನೊಂದು ಸಂಗತಿ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರು ನಮ್ಮದು. ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಜ್ಯಾಕಿಗೆ ಬರದೇ ಇರುತ್ತದಾ? ಉಪ್ಪಳ, ಮಂಜೇಶ್ವರದ ಕಡಲ ಬದಿಯವರಿಗೆ ಉಪ್ಪಿನ ಗಾಳಿಯೂ ಸೇರಿತು. ಮಳೆಗಾಲದಲ್ಲಿ ಕೆಟ್ಟಿತು ಅನ್ನುವ ಎಷ್ಟೋ ಮೈಕ್‌ಸೆಟ್‌ಗಳಲ್ಲಿ ಕೆಟ್ಟದ್ದು ಏನೂ ಇರುವುದಿಲ್ಲ. ಜ್ಯಾಕಿನ ಒಳಗಿನ ಪಟ್ಟಿ ಕಪ್ಪಾಗಿರುತ್ತದೆ, ಅಷ್ಟೇ. ಪ್ಲಗ್ಗನ್ನು ಬಟ್ಟೆಯಲ್ಲಿ ಒರೆಸಿ ಹತ್ತು ಸಲ ಹಾಕಿ ತೆಗೆಯಿರಿ. ಇದರಿಂದ ಸರಿಯಾದದ್ದನ್ನು ನಾನು ರಿಪೇರಿ ಅಂತ ಹೇಳಿಕೊಂಡು ಕಾಫಿ ಕುಡಿದದ್ದೂ ಉಂಟು.

ವೋಲ್ಟ್, ಓಮ್ ಅಳೆಯುವ ಒಂದು ಮಲ್ಟಿಮೀಟರ್ ಬೇಕೇ ಬೇಕು. ಐರನ್ನಿಗಿಂತ ಮೊದಲು ಅದನ್ನು ಕೊಳ್ಳಿ. ಬೀಪ್ ಅನ್ನುವ ಕಡೆ ಇಟ್ಟು ವಯರಿನ ಈ ತುದಿಯ ಪಿನ್ನಿನಿಂದ ಆ ತುದಿಯ ಪಿನ್ನಿಗೆ ನೋಡಿ. ನೋಡುತ್ತಾ ವಯರನ್ನು ಬಗ್ಗಿಸಿ. ಬೀಪ್ ಕಡಿದರೆ ಜಾಗ ಸಿಕ್ಕಿತು. ಸ್ಪೀಕರಿನ ಮೇಲೆ 8 ಓಮ್ ಅಂತ ಬರೆದಿದ್ದರೆ ಮೀಟರ್ ಸುಮಾರು 6 ತೋರಿಸುತ್ತದೆ. ಅದು ಸರಿಯೇ. ಏನೂ ತೋರಿಸದಿದ್ದರೆ ಒಳಗಿನ ಸುರುಳಿ ಸುಟ್ಟಿದೆ, ಅಥವಾ ಕೋನಿಗೆ ಹೋಗುವ ಹೆಣೆದ ತಂತಿ ಕಡಿದಿದೆ. ದೊಡ್ಡ ಕೋನಿನ ಸ್ಪೀಕರಿಗೆ 1.5 ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ತಾಗಿಸಿದರೂ ಟಕ್ ಅನ್ನಬೇಕು. ಸಣ್ಣ ಟ್ವೀಟರಿಗೆ, ಹಾರ್ನಿಗೆ ಹೀಗೆ ಮಾಡಬೇಡಿ.

ತೊಂದರೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಆಗದಿದ್ದರೆ ಐರನ್ ಬಿಸಿ ಮಾಡಬೇಡಿ.

ಎರಡನೆಯದು: ಕೈ ತಪ್ಪಿದರೆ ಏನಾಗುತ್ತದೆ?

ಜಾಗ ಸಿಕ್ಕಿತು ಅಂತಿಟ್ಟುಕೊಳ್ಳಿ. ಈಗ ಕೇಳಬೇಕಾದ್ದು, ನಾನು ತಪ್ಪು ಮಾಡಿದರೆ ಏನು ಹಾಳಾಗುತ್ತದೆ ಅಂತ.

ಮೈಕಿನ ವಯರಲ್ಲಿ ತಪ್ಪಿದರೆ ಒಂದು ಪ್ಲಗ್ ಹೋಯಿತು, ಒಂದಿಂಚು ವಯರ್ ಹೋಯಿತು. ಕತ್ತರಿಸಿ ಇನ್ನೊಮ್ಮೆ ಮಾಡಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಕಾಲು ಇಂಚಿನ ಪಿ-38 ಜ್ಯಾಕ್, ಆರ್‌ಸಿಎ ಪಿನ್, ಮೈಕಿಗೆ ಹಾಕುವ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಪ್ಲಗ್, ಇವೆಲ್ಲ ನೀವೇ ಮಾಡಿ. ಸ್ಪೀಕರಿಗೆ ಹಾಕುವ ನೀಲಿ ಸ್ಪೀಕಾನ್ ಪ್ಲಗ್ಗುಗಳಲ್ಲಿ ಹೆಚ್ಚಿನವಕ್ಕೆ ಸೋಲ್ಡರೇ ಬೇಡ, ಸ್ಕ್ರೂ ಬಿಗಿದರೆ ಆಯಿತು. ಆದರೆ ಸ್ಪೀಕರ್ ವಯರನ್ನು ಒಮ್ಮೆ ಮೀಟರಿನಲ್ಲಿ ನೋಡದೆ ಆಂಪಿಗೆ ಹಾಕಬೇಡಿ. ಅಲ್ಲಿ ಎರಡು ಎಳೆ ತಾಗಿಕೊಂಡಿದ್ದರೆ ಹೋಗುವುದು ಆಂಪು.

ಹೊರಗಿನ ಅಡಾಪ್ಟರಿನಲ್ಲಿ ನಡೆಯುವ ಸಣ್ಣ ಮಿಕ್ಸರ್, ಎಫೆಕ್ಟ್ ಪೆಟ್ಟಿಗೆ ಇವುಗಳ ಒಳಗೆ ಶಾಕಿನ ಭಯ ಕಡಿಮೆ. ಬೋರ್ಡ್ ಹಾಳಾಗುವ ಭಯ ಇದೆ. ಪ್ಲಗ್ ಎಳೆದೂ ಎಳೆದೂ ಜ್ಯಾಕಿನ ಕಾಲಿನ ಹತ್ತಿರ ಸೋಲ್ಡರ್ ಬಿರುಕು ಬಿಟ್ಟಿರುತ್ತದೆ. ಕಾಲಿನ ಸುತ್ತ ಕೂದಲೆಳೆಯಂಥ ಕಪ್ಪು ಉಂಗುರ ಕಾಣುತ್ತದೆ. ಮೆಕ್ಯಾನಿಕ್ಕುಗಳು ಡ್ರೈ ಸೋಲ್ಡರ್ ಅನ್ನುವುದು ಇದಕ್ಕೇ. ಹುಡುಕಲು ಒಣಗಿದ ಹಿಡಿಸೂಡಿ ಕಡ್ಡಿ ಸಾಕು. ಮಿಕ್ಸರ್ ಆನ್ ಇರುವಾಗ ಒಂದೊಂದು ಜಾಗವನ್ನು ಮೆಲ್ಲ ಒತ್ತಿ. ಎಲ್ಲಿ ಒತ್ತಿದಾಗ ಕರಕರ ಬರುತ್ತದೋ ಅಲ್ಲೇ ಕಳ್ಳ. ಈ ಕಡ್ಡಿ ಪರೀಕ್ಷೆ ಅಡಾಪ್ಟರಿನ ಸಾಮಾನಿಗೆ ಮಾತ್ರ. ನೇರ ಗೋಡೆಯ ಪ್ಲಗ್ಗಿಗೆ ಹೋಗುವುದರ ಒಳಗೆ ಕರೆಂಟ್ ಇರುವಾಗ ಕಡ್ಡಿಯೂ ಬೇಡ, ಬೆರಳೂ ಬೇಡ.

ಆಂಪಿನ ಒಳಗೆ ಲೆಕ್ಕ ಬೇರೆ. ಒಳಗಿರುವ ದೊಡ್ಡ ಡಬ್ಬಿಯಂಥ ಕೆಪಾಸಿಟರುಗಳು ಪ್ಲಗ್ ಎಳೆದ ಮೇಲೂ ಕರೆಂಟ್ ಹಿಡಿದಿಟ್ಟುಕೊಂಡಿರಬಹುದು. ಟ್ರಾನ್ಸ್‌ಫಾರ್ಮರ್ ಇರುವ ಆಂಪಿನಲ್ಲಿ ಅದು ನಲವತ್ತು, ಐವತ್ತು, ಎಪ್ಪತ್ತು ವೋಲ್ಟ್ ಇರಬಹುದು. ಟ್ರಾನ್ಸ್‌ಫಾರ್ಮರ್ ಬದಲು ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಇರುವುದರಲ್ಲಿ ಗೋಡೆಯ 230 ವೋಲ್ಟನ್ನು ಡಿಸಿ ಮಾಡಿದಾಗ ಸುಮಾರು 325 ವೋಲ್ಟ್ ಆಗುತ್ತದೆ. ಅದು ಹೃದಯ ನಿಲ್ಲಿಸಬಲ್ಲ ಕರೆಂಟ್. ಹಳೆಯ ವಾಲ್ವ್ ಆಂಪುಗಳಲ್ಲಿ ಅದಕ್ಕಿಂತ ಹೆಚ್ಚೂ ಇರಬಹುದು. ಅಜ್ಜನ ಕಾಲದ ವಾಲ್ವ್ ರೇಡಿಯೋ ಅಟ್ಟದಲ್ಲಿ ಸಿಕ್ಕಿತು ಅಂತ ಬಿಚ್ಚಲು ಹೋಗಬೇಡಿ. ಎಸ್‌ಎಂಪಿಎಸ್, ವಾಲ್ವ್ ಎರಡನ್ನೂ ನಾನು ಇವತ್ತಿಗೂ ಮುಟ್ಟುವುದಿಲ್ಲ.

ಬ್ಲೂಟೂತ್ ಸ್ಪೀಕರ್ ಬೇರೆಯೇ ಜಾತಿ. ಅದರ ಲಿಥಿಯಂ ಸೆಲ್ಲಿಗೆ ನೇರವಾಗಿ ಐರನ್ ತಾಗಿಸಿದರೆ ಬೆಂಕಿ ಹತ್ತಬಹುದು. ಒಳಗಿನ ಬಿಡಿಭಾಗಗಳು ಸಾಸಿವೆಗಿಂತ ಸಣ್ಣವು, ಅವಕ್ಕೆ ಬಿಸಿಗಾಳಿಯ ಉಪಕರಣ ಬೇಕು. ಬಿಟ್ಟುಬಿಡಿ. ಇಯರ್‌ಫೋನಿನ ವಯರೂ ಹಾಗೆಯೇ. ಕೂದಲಿನಂಥ ಎಳೆಗಳಿಗೆ ಬಣ್ಣದ ಲೇಪ ಇರುತ್ತದೆ. ಆ ಲೇಪ ಸುಟ್ಟು ಹೋಗದೆ ಸೋಲ್ಡರ್ ಹಿಡಿಯುವುದಿಲ್ಲ. ಹೊಸದು ತಂದರೆ ತಲೆನೋವು ಇಲ್ಲ.

ಸಿಡಿಲು ಹೊಡೆದ ಸಾಮಾನಿಗೂ ಐರನ್ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ, ಮತ್ತೆ ತುಲಾಮಾಸದ ಸಂಜೆ ಮಳೆಗೆ ನಮ್ಮ ಗುಡ್ಡಗಳಲ್ಲಿ ಎಂಥ ಸಿಡಿಲು ಅಂತ ಗೊತ್ತಲ್ವಾ. ಆಗ ಕೆಟ್ಟದ್ದು ಒಂದೇ ಜಾಗದಲ್ಲಿ ನಿಂತಿರುವುದಿಲ್ಲ. ಒಂದನ್ನು ಬದಲಿಸಿದರೆ ಮರುದಿನ ಇನ್ನೊಂದು ಹೋಗುತ್ತದೆ.

ಮೂರನೆಯದು: ಯಾರ ಸಾಮಾನು, ಯಾವಾಗ ಬೇಕು?

ನಿಮ್ಮದೇ ಆದರೆ ನಿಮ್ಮ ಇಷ್ಟ. ಮಂದಿರದ್ದು, ಯುವಕ ಮಂಡಲದ್ದು, ಬಾಡಿಗೆಗೆ ತಂದದ್ದು ಆದರೆ ಕೇಳಿಯೇ ಮುಟ್ಟಿ. ವಾರಂಟಿ ಇದ್ದರೆ ಸ್ಕ್ರೂ ಮೇಲಿನ ಸ್ಟಿಕ್ಕರ್ ಹರಿಯಬೇಡಿ.

ಸಮಯ ಇನ್ನೂ ಮುಖ್ಯ. ಮರುದಿನ ಸಂಜೆ ತಾಳಮದ್ದಳೆ ಇದೆ, ಇವತ್ತು ರಾತ್ರಿ ಸರಿ ಮಾಡುತ್ತೇನೆ ಅಂತ ಕೂತರೆ ಕೈ ನಡುಗುತ್ತದೆ, ತಪ್ಪುತ್ತದೆ. ಅಂಥ ಹೊತ್ತಿಗೆ ಪಕ್ಕದ ಊರಿನಿಂದ ಒಂದು ವಯರ್ ಸಾಲ ತನ್ನಿ. ರಿಪೇರಿಯನ್ನು ಪತ್ತನಾಜೆ ಕಳೆದ ಮೇಲೆ ಇಟ್ಟುಕೊಳ್ಳಿ. ಅದು ತುಳುವರ ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಹೊತ್ತಿಗೆ; ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ, ನೇಮ ಎಲ್ಲ ನಿಲ್ಲುತ್ತವೆ. ಅಲ್ಲಿಂದ ಚೌತಿಯವರೆಗೆ ಮೈಕ್‌ಸೆಟ್‌ಗೆ ಕೆಲಸ ಕಡಿಮೆ. ನಾನು ಆ ದಿನಗಳಲ್ಲಿ ಎಲ್ಲ ವಯರುಗಳನ್ನೂ ಒಂದು ಚೀಲದಲ್ಲಿ ತಂದು ಒಂದೊಂದೇ ನೋಡುತ್ತೇನೆ. ಹೊರಗೆ ಮಳೆ, ಒಳಗೆ ಸೋಲ್ಡರ್ ತಂತಿಯಲ್ಲಿರುವ ರೋಸಿನ್ ಎಂಬ ರಾಳದ ಹೊಗೆಯ ಪರಿಮಳ. ಆ ಪರಿಮಳ ನನಗೆ ಇಷ್ಟ, ಆದರೆ ಶ್ವಾಸಕ್ಕೆ ಒಳ್ಳೆಯದಲ್ಲ. ಕಿಟಕಿ ತೆರೆದಿಟ್ಟು, ಹೊಗೆ ಮುಖಕ್ಕೆ ಬಾರದಂತೆ ಸಣ್ಣ ಫ್ಯಾನ್ ಇಟ್ಟುಕೊಳ್ಳಿ.

ನಾಲ್ಕನೆಯದು: ಸಾಮಾನಿನ ಲೆಕ್ಕ

ಒಂದೇ ಒಂದು ವಯರಿಗಾಗಿ ಇಷ್ಟೆಲ್ಲ ಕೊಳ್ಳುವುದು ನಷ್ಟ. ಅಂಗಡಿಯಲ್ಲೇ ಮಾಡಿಸಿ. ವರ್ಷಕ್ಕೆ ಐದಾರು ವಯರ್ ಕೆಡುವ ಮಂದಿರ, ಸಂಘ, ಸಂಗೀತ ಕ್ಲಾಸು ಇದ್ದರೆ ಕೊಳ್ಳಿ.

25 ವ್ಯಾಟಿನ ಸಾದಾ ಐರನ್ ವಯರಿನ ಕೆಲಸಕ್ಕೆ ಸಾಕು. ಸೋಲ್ಡ್ರಾನ್‌ನಂಥದ್ದು ಐನೂರು ರೂಪಾಯಿಯ ಒಳಗೆ ಸಿಗುತ್ತದೆ. ಬೋರ್ಡಿನ ಕೆಲಸವೂ ಮಾಡುತ್ತೇನೆ ಅನ್ನುವವರು ಬಿಸಿ ಹೆಚ್ಚು ಕಡಿಮೆ ಮಾಡುವ ಸ್ಟೇಷನ್ ತೆಗೆದುಕೊಳ್ಳಿ. ನಾನು 340, 350 ಡಿಗ್ರಿಯ ಆಸುಪಾಸು ಇಡುತ್ತೇನೆ. ಸೋಲ್ಡರ್ ತಂತಿಯಲ್ಲಿ 60/40 ಅಥವಾ 63/37 ಅಂತ ಬರೆದದ್ದನ್ನು ಕೇಳಿ. ಅಂದರೆ ಅಷ್ಟು ಪಾಲು ತವರ, ಉಳಿದದ್ದು ಸೀಸ. 63/37 ಸರಿಯಾಗಿ 183 ಡಿಗ್ರಿಗೆ ಕರಗಿ ಅಲ್ಲೇ ಗಟ್ಟಿಯಾಗುತ್ತದೆ. ನಡುವೆ ಮುದ್ದೆ ಮುದ್ದೆ ಸ್ಥಿತಿ ಇಲ್ಲ, ಹಾಗಾಗಿ ಕೈ ಸ್ವಲ್ಪ ಅಲುಗಿದರೂ ತಡೆದುಕೊಳ್ಳುತ್ತದೆ. ಸೀಸ ಇಲ್ಲದ ಸೋಲ್ಡರ್ ಕರಗಲು 217 ಡಿಗ್ರಿಗೂ ಮೇಲೆ ಬೇಕು. ಹೊಸಬರಿಗೆ ಕಷ್ಟ. ತಂತಿಯ ಒಳಗೆ ರೋಸಿನ್ ಇರಬೇಕು, ದಪ್ಪ 0.8 ಅಥವಾ 1 ಮಿಲಿಮೀಟರ್.

ಪೈಪು, ತಗಡಿಗೆ ಹಾಕುವ ಆಸಿಡ್ ಪೇಸ್ಟನ್ನು ಇದಕ್ಕೆ ಬಳಸಬೇಡಿ. ಇವತ್ತು ಚೆನ್ನಾಗಿ ಹಿಡಿಯುತ್ತದೆ, ಎರಡು ಮಳೆಗಾಲದಲ್ಲಿ ತಾಮ್ರ ಹಸಿರಾಗಿ ತಿಂದು ಹೋಗುತ್ತದೆ.

ಸೀಸದ ಬಗ್ಗೆ ಹೆದರಿಕೆ ಇರುತ್ತದೆ. ಐರನ್ನಿನ ಬಿಸಿಗೆ ಸೀಸ ಆವಿಯಾಗಿ ಏಳುವುದಿಲ್ಲ, ಕಾಣುವ ಹೊಗೆ ರೋಸಿನ್ನಿನದು. ಸೀಸ ಒಳಗೆ ಹೋಗುವುದು ಕೈಯಿಂದ ಬಾಯಿಗೆ. ಅದಕ್ಕೆ ಕೆಲಸದ ಮಧ್ಯೆ ಚಕ್ಕುಲಿ ತಿನ್ನಬೇಡಿ, ಎಲೆ ಅಡಿಕೆ ಹಾಕಬೇಡಿ, ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಡಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಮಕ್ಕಳನ್ನು ಹತ್ತಿರ ಕೂರಿಸಬೇಡಿ. ಕನ್ನಡಕ ಇದ್ದವರು ಹಾಕಿಕೊಳ್ಳಿ, ಇಲ್ಲದವರು ಸಾದಾ ಒಂದು ತನ್ನಿ. ವಯರಿನ ತುದಿ ಸಿಡಿದರೆ ಕರಗಿದ ಹನಿ ಕಣ್ಣಿಗೇ ಬರುತ್ತದೆ.

ಐದನೆಯದು: ಹಾಳಾದದ್ದರ ಮೇಲೆ ಕಲಿಯಿರಿ

ಗುಜರಿಗೆ ಹೋಗುವ ರೇಡಿಯೋ, ಟಿವಿ ಬೋರ್ಡ್ ಒಂದು ತನ್ನಿ. ಇಪ್ಪತ್ತು ಕಾಲು ಬಿಚ್ಚಿ, ಇಪ್ಪತ್ತು ಹಾಕಿ.

ವಿದ್ಯೆ ಇಷ್ಟೇ. ಬಿಸಿ ಮಾಡಬೇಕಾದ್ದು ಬಿಡಿಭಾಗದ ಕಾಲನ್ನು ಮತ್ತು ಬೋರ್ಡಿನ ಮೇಲಿನ ತಾಮ್ರದ ಬಿಲ್ಲೆಯನ್ನು. ಸೋಲ್ಡರನ್ನು ಐರನ್ನಿಗೆ ಮೆತ್ತಿ ಅಲ್ಲಿ ಒರೆಸಬೇಡಿ. ಐರನ್ ಎರಡಕ್ಕೂ ತಾಗುವಂತೆ ಇಡಿ, ಒಂದು ಕ್ಷಣ ಬಿಟ್ಟು ತಂತಿಯನ್ನು ಎದುರು ಬದಿಯಿಂದ ತಾಗಿಸಿ. ಕರಗಿ ತಾನೇ ಹರಿಯುತ್ತದೆ. ತಂತಿ ತೆಗೆಯಿರಿ, ಆಮೇಲೆ ಐರನ್ ತೆಗೆಯಿರಿ. ಎಲ್ಲ ಸೇರಿ ಎರಡು ಮೂರು ಸೆಕೆಂಡ್. ಆರುವ ತನಕ ಅಲುಗಿಸಬೇಡಿ, ಊದಬೇಡಿ.

ಚೆನ್ನಾಗಿ ಬಂದ ಜಾಯಿಂಟ್ ಗುಡ್ಡದ ಇಳಿಜಾರಿನ ಹಾಗೆ ಕಾಲಿನಿಂದ ಬಿಲ್ಲೆಗೆ ಇಳಿದಿರುತ್ತದೆ. ಕೆಟ್ಟದ್ದು ಕೆಸುವಿನ ಎಲೆಯ ಮೇಲಿನ ನೀರಿನ ಹನಿಯ ಹಾಗೆ ಗುಂಡಗೆ ನಿಂತಿರುತ್ತದೆ. ಕೂತ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ. ಸೀಸದ ಸೋಲ್ಡರ್ ಹೊಳೆಯಬೇಕು. ಕಂಪನಿಯಲ್ಲಿ ಸೀಸವಿಲ್ಲದ್ದು ಹಾಕಿದ್ದರೆ ಅದು ಹುಟ್ಟಿನಿಂದಲೇ ಮಸುಕು. ನನ್ನ ಮೊದಲ ಅನಾಹುತಕ್ಕೆ ಅರ್ಧ ಕಾರಣ ಅದೇ. ಸರಿ ಇದ್ದದ್ದನ್ನೆಲ್ಲ ಡ್ರೈ ಸೋಲ್ಡರ್ ಅಂದುಕೊಂಡಿದ್ದೆ.

ಬಿಟ್, ಅಂದರೆ ಐರನ್ನಿನ ತುದಿ, ಕಪ್ಪಾದರೆ ಸೋಲ್ಡರ್ ಹಿಡಿಯುವುದಿಲ್ಲ. ಬಿಸಿ ಇರುವಾಗ ಒದ್ದೆ ಸ್ಪಂಜಿಗೆ ಒರೆಸಿ, ಕೂಡಲೇ ಹೊಸ ಸೋಲ್ಡರ್ ತಾಗಿಸಿ. ಬರೀ ತಾಮ್ರದ ಬಿಟ್ ಆದರೆ ಅರದಲ್ಲಿ ಉಜ್ಜಬಹುದು. ಲೇಪ ಇರುವ ಬಿಟ್ಟಿಗೆ ಅರ ಹಾಕಿದರೆ ಅದು ಅಲ್ಲಿಗೆ ಮುಗಿಯಿತು.

ಹತ್ತು ಜಾಯಿಂಟಿನಲ್ಲಿ ಎಂಟೊಂಬತ್ತು ಇಳಿಜಾರಿನಂತೆ ಬರುವವರೆಗೆ ಒಳ್ಳೆಯ ಸಾಮಾನಿಗೆ ಕೈ ಹಾಕಬೇಡಿ.

ಆರನೆಯದು: ಮೈಕ್ ವಯರ್

ಹೆಚ್ಚಿನವರಿಗೆ ಬೇಕಾದ್ದು ಇದೇ. ವಯರ್ ಕಡಿಯುವುದು ಸಾಮಾನ್ಯವಾಗಿ ತುದಿಯಿಂದ ಎರಡು ಮೂರು ಇಂಚಿನ ಒಳಗೆ. ಕಾರ್ಯಕ್ರಮ ಮುಗಿದ ಮೇಲೆ ಮೊಣಕೈಗೆ ಬಿಗಿದು ಸುತ್ತುವುದರಿಂದ, ವಯರ್ ಹಿಡಿದೇ ಪ್ಲಗ್ ಎಳೆಯುವುದರಿಂದ ಹಾಗಾಗುತ್ತದೆ.

ಕೆಟ್ಟ ತುದಿಯನ್ನು ಮೂರು ಇಂಚು ಕತ್ತರಿಸಿ ಬಿಸಾಡಿ. ಜುಗ್ಗತನ ಬೇಡ, ಒಂದಿಂಚು ಕಡಿದರೆ ಕಡಿದ ಎಳೆ ಒಳಗೇ ಉಳಿಯುತ್ತದೆ. ಈಗ ಪ್ಲಗ್ಗಿನ ಹಿಂದಿನ ಟೋಪಿಯನ್ನು ವಯರಿಗೆ ಹಾಕಿ. ಇದನ್ನು ಮರೆತು ಎಲ್ಲ ಸೋಲ್ಡರ್ ಮಾಡಿ ಮುಗಿಸಿ, ಆಮೇಲೆ ಮೇಜಿನ ಮೇಲೆ ಟೋಪಿ ನೋಡಿ ಹಣೆ ಚಚ್ಚಿಕೊಂಡವರಲ್ಲಿ ನಾನೂ ಒಬ್ಬ. ಒಮ್ಮೆ ಅಲ್ಲ.

ಹೊರ ಸಿಪ್ಪೆಯನ್ನು ಮುಕ್ಕಾಲು ಇಂಚು ಸುಲಿಯಿರಿ. ಜಾಲರಿಯನ್ನು ಒಟ್ಟು ಮಾಡಿ ಹೊಸೆಯಿರಿ. ಒಳಗೆ ಎರಡು ಬಣ್ಣದ ಎಳೆ ಇರುತ್ತದೆ. ಅವನ್ನು ಕಾಲು ಇಂಚಿಗಿಂತ ಕಡಿಮೆ ಸುಲಿಯಿರಿ. ಮೂರಕ್ಕೂ ಸ್ವಲ್ಪ ಸೋಲ್ಡರ್ ಕುಡಿಸಿ. ಎಕ್ಸ್‌ಎಲ್‌ಆರ್ ಪ್ಲಗ್ಗಿನ ಮೂರು ಬಟ್ಟಲಿಗೂ ಸ್ವಲ್ಪ ತುಂಬಿಸಿ. ಆಮೇಲೆ ಬಟ್ಟಲನ್ನು ಬಿಸಿ ಮಾಡಿ, ಕರಗಿದಾಗ ಎಳೆ ಅದ್ದಿ, ಐರನ್ ತೆಗೆದು ಅಲುಗದೆ ಹಿಡಿಯಿರಿ.

ಯಾವ ಎಳೆ ಎಲ್ಲಿಗೆ? ಪಿನ್ನಿನ ಪಕ್ಕ 1, 2, 3 ಅಂತ ಕೆತ್ತಿರುತ್ತದೆ. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಜಾಲರಿ 1ಕ್ಕೆ. ಸಿಗ್ನಲ್ಲಿನ ಪ್ಲಸ್ 2ಕ್ಕೆ, ಮೈನಸ್ 3ಕ್ಕೆ. ಬಣ್ಣ ಯಾವುದೇ ಇರಲಿ, ಎರಡು ತುದಿಯಲ್ಲೂ ಒಂದೇ ಇದ್ದರೆ ಆಯಿತು. ಕತ್ತರಿಸದ ಇನ್ನೊಂದು ತುದಿ ಬಿಚ್ಚಿ ನೋಡಿ, ಅದೇ ರೀತಿ ಮಾಡಿ. ಒಂದು ತುದಿಯಲ್ಲಿ 2, 3 ಅದಲು ಬದಲಾದರೆ ಮೈಕ್ ಒಂದೇ ಇದ್ದಾಗ ಗೊತ್ತಾಗುವುದಿಲ್ಲ. ಭಾಗವತರ ಮುಂದೆ ಒಂದು, ಮದ್ದಳೆಗೆ ಒಂದು ಅಂತ ಹತ್ತಿರ ಹತ್ತಿರ ಎರಡು ಮೈಕ್ ಇಟ್ಟಾಗ ಸ್ವರದ ದಪ್ಪ ಹೋಗಿ ತಗಡಿನ ಹಾಗೆ ಕೇಳುತ್ತದೆ. ಎಲ್ಲರೂ ಮಿಕ್ಸರಿನ ಬಾಸ್ ತಿರುಗಿಸುತ್ತಾರೆ, ವಯರನ್ನು ಯಾರೂ ನೋಡುವುದಿಲ್ಲ. ಇನ್ನೊಂದು ತುದಿ ಮೋನೋ ಪಿ-38 ಆಗಿದ್ದರೆ 2ರ ಎಳೆ ಅದರ ತುದಿಗೆ, 1 ಮತ್ತು 3 ಎರಡೂ ಸೇರಿ ದೇಹಕ್ಕೆ.

ಕ್ಲಾಂಪ್ ಹಿಡಿಯಬೇಕಾದ್ದು ಹೊರ ಸಿಪ್ಪೆಯನ್ನು. ಎಳೆಯುವ ಭಾರ ಸೋಲ್ಡರಿನ ಮೇಲೆ ಬಿದ್ದರೆ ಎಷ್ಟು ಚಂದ ಮಾಡಿದರೂ ಮುಂದಿನ ಕಾರ್ಯಕ್ರಮಕ್ಕೆ ಬಿಡುತ್ತದೆ. ಕೊನೆಗೆ ಮೀಟರ್. 1ರಿಂದ 1ಕ್ಕೆ, 2ರಿಂದ 2ಕ್ಕೆ, 3ರಿಂದ 3ಕ್ಕೆ ಬೀಪ್ ಬರಬೇಕು. 1ರಿಂದ 2ಕ್ಕೆ, 2ರಿಂದ 3ಕ್ಕೆ, 1ರಿಂದ 3ಕ್ಕೆ ಬರಬಾರದು. ಇನ್ನೊಂದು ತುದಿ ಮೋನೋ ಪಿ-38 ಆಗಿದ್ದರೆ ಮಾತ್ರ 1ರಿಂದ 3ಕ್ಕೆ ಬೀಪ್ ಬಂದೇ ಬರುತ್ತದೆ, ಅಲ್ಲಿ ಅವೆರಡೂ ಸೇರಿರುತ್ತವೆ. ವಯರನ್ನು ಬಗ್ಗಿಸುತ್ತಾ ಇನ್ನೊಮ್ಮೆ ನೋಡಿ.

ಸ್ಪೀಕರಿನ ಹೆಣೆದ ತಂತಿ ಟರ್ಮಿನಲ್ ಹತ್ತಿರ ಬಿಟ್ಟಿದ್ದರೆ ಅದನ್ನೂ ನೀವೇ ಮಾಡಬಹುದು. ಸೋಲ್ಡರ್ ಕಡಿಮೆ ಹಾಕಿ, ಬೇಗ ತೆಗೆಯಿರಿ. ಜಾಸ್ತಿ ಬಿಸಿ ಮಾಡಿದರೆ ಸೋಲ್ಡರ್ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಹೆಣಿಗೆಯೊಳಗೆ ಏರುತ್ತದೆ. ತಂತಿ ಸೆಟೆದು ನಿಲ್ಲುತ್ತದೆ, ಕೋನ್ ಕುಣಿಯುವಾಗ ಅಲ್ಲೇ ಮುರಿಯುತ್ತದೆ.

ಏಳನೆಯದು: ಆಂಪಿನ ಒಳಗೆ ಹೋಗಲೇಬೇಕಾದರೆ

ಮೇಲಿನದ್ದೆಲ್ಲ ಸಾಕಷ್ಟು ಮಾಡಿದ ಮೇಲೆ, ಟ್ರಾನ್ಸ್‌ಫಾರ್ಮರ್ ಇರುವ ಆಂಪಿನ ಇನ್‌ಪುಟ್ ಜ್ಯಾಕ್, ಕಂಟ್ರೋಲ್ ಬದಲಿಸುವಷ್ಟರ ಮಟ್ಟಿಗೆ ಹೋಗಬಹುದು. ಪ್ಲಗ್ ಎಳೆದು ಅದನ್ನು ಕಣ್ಣಿಗೆ ಕಾಣುವಲ್ಲಿ ಇಡಿ. ಸ್ವಿಚ್ ಆಫ್ ಮಾಡಿದ್ದು ಸಾಲದು. ಮುಚ್ಚಳ ತೆಗೆದು, ಏನೂ ಮುಟ್ಟದೆ, ಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು ದೊಡ್ಡ ಕೆಪಾಸಿಟರುಗಳನ್ನು ಅಳೆಯಿರಿ. ಇನ್ನೂ ವೋಲ್ಟ್ ಇದ್ದರೆ 1 ಕಿಲೋ ಓಮ್, 10 ವ್ಯಾಟಿನ ರೆಸಿಸ್ಟರನ್ನು ಇನ್ಸುಲೇಷನ್ ಇರುವ ಕ್ಲಿಪ್ ವಯರಿನಲ್ಲಿ ಎರಡು ಕಾಲಿಗೆ ಸಿಕ್ಕಿಸಿ ಒಂದು ನಿಮಿಷ ಬಿಡಿ. 10,000 ಮೈಕ್ರೋಫ್ಯಾರಡ್ ಇದ್ದರೂ ಅಷ್ಟರಲ್ಲಿ ಖಾಲಿಯಾಗುತ್ತದೆ. ಇನ್ನೊಮ್ಮೆ ಅಳೆಯಿರಿ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡುವ ಶೂರರಿದ್ದಾರೆ. ಕಿಡಿ ಹಾರುತ್ತದೆ, ಕೆಪಾಸಿಟರೂ ಕೆಡುತ್ತದೆ.

ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಹಳೆಯ ಕಂದು ಬೋರ್ಡುಗಳಲ್ಲಿ ತಾಮ್ರದ ಗೆರೆಯನ್ನು ಅಂಟಿಸಿದ್ದು ಅಷ್ಟಕ್ಕಷ್ಟೆ. ಎರಡು ಸಲ ಪ್ರಯತ್ನಿಸಿ ಬಾರದಿದ್ದರೆ ಆರಲು ಬಿಡಿ. ಮೂರನೆಯ ಸಲಕ್ಕೆ ಗೆರೆಯೇ ಎದ್ದು ಬರುತ್ತದೆ.

ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟಿದ್ದರೆ ಅಲ್ಲಿಗೆ ನಿಲ್ಲಿಸಿ. 5200, 1943 ನಂಬರಿನ ಟ್ರಾನ್ಸಿಸ್ಟರ್ ಜೋಡಿಯನ್ನು ತಂದು ಹಾಕಿದರೆ ಆಯಿತು ಅಂತ ಕಾಣುತ್ತದೆ. ಆದರೆ ಪೇಟೆಯಲ್ಲಿ ನಕಲಿ ಧಾರಾಳ. ಟ್ರಾನ್ಸಿಸ್ಟರಿನ ಮತ್ತು ಹೀಟ್‌ಸಿಂಕಿನ ನಡುವಿನ ಮೈಕಾ ಹಾಳೆ ಹರಿದಿದ್ದರೆ ಹೊಸದೂ ಆ ಕ್ಷಣಕ್ಕೆ ಹೋಗುತ್ತದೆ. ಯಾಕೆ ಸುಟ್ಟಿತು ಅನ್ನುವುದು ಉಳಿದೇ ಇರುತ್ತದೆ.

ರಿಪೇರಿಯಾದ ಆಂಪನ್ನು ಮೊದಲ ಸಲ ಸೀರೀಸ್ ಬಲ್ಬಿನ ಮೂಲಕ, ಅಂದರೆ ಕರೆಂಟ್ ಬರುವ ದಾರಿಯಲ್ಲಿ ಒಂದು ಬಲ್ಬ್ ಸೇರಿಸಿ, ಆನ್ ಮಾಡಬೇಕು. ಸ್ಪೀಕರ್ ಹಾಕದೆ, 60 ಅಥವಾ 100 ವ್ಯಾಟಿನ ಹಳೆಯ ಹಳದಿ ಬಲ್ಬಿನಲ್ಲಿ. ಎಲ್‌ಇಡಿ ಇದಕ್ಕೆ ಆಗದು. ಬಲ್ಬ್ ಒಮ್ಮೆ ಉರಿದು ಮಂಕಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆಫ್ ಮಾಡಿ. ನನ್ನ ಹತ್ತಿರ ಆ ದಿನ ಹತ್ತಿಪ್ಪತ್ತು ರೂಪಾಯಿಯ ಈ ಬಲ್ಬ್ ಇದ್ದಿದ್ದರೆ ಮಂದಿರದ ಆಂಪು ಉಳಿಯುತ್ತಿತ್ತು. ಸೀರೀಸ್ ಬೋರ್ಡನ್ನು ವಯರಿಂಗ್ ಗೊತ್ತಿರುವವರಿಂದಲೇ ಕಟ್ಟಿಸಿಕೊಳ್ಳಿ.

ಇನ್ನೊಂದು ಮಾತು. ಗುಂಯ್ ಸದ್ದು ಹೋಗಲಿ ಅಂತ ಪ್ಲಗ್ಗಿನ ಅರ್ತ್ ಪಿನ್ ಮುರಿಯುವುದು, ಅರ್ತ್ ವಯರ್ ಕಡಿಯುವುದು ನಮ್ಮಲ್ಲಿ ತುಂಬ ಕಡೆ ಇದೆ. ಸದ್ದು ನಿಲ್ಲಲೂಬಹುದು. ಆದರೆ ಆಂಪಿನ ಲೋಹದ ಮೈಗೆ ಕರೆಂಟ್ ಬಂದ ದಿನ, ಸ್ನಾನ ಮಾಡಿ ಒದ್ದೆ ಕಾಲಿನಲ್ಲಿ ಬಂದು ಮೈಕ್ ಹಿಡಿದವರ ಕಥೆ ಏನು? ಅರ್ತ್ ತೆಗೆದ ಸಾಮಾನು ನಿಮ್ಮ ಕೈಗೆ ಬಂದರೆ ಮೊದಲು ಅದನ್ನು ಸರಿ ಮಾಡಿ, ಗುಂಯ್ ಸದ್ದನ್ನು ಆಮೇಲೆ ವಯರಿನಲ್ಲಿ ಹುಡುಕಿ.

ಅಂಗಡಿಗೆ ಒಯ್ಯುವಾಗ

ಮೆಕ್ಯಾನಿಕ್ಕಿಗೆ ಬೇಕಾದ್ದು ನಿಮ್ಮ ಊಹೆಯಲ್ಲ, ನೀವು ಕಂಡದ್ದು. ಕಾಸರಗೋಡಿನಲ್ಲಿ ಮಲಯಾಳ, ತುಳು, ಕನ್ನಡ ಯಾವುದರಲ್ಲಿ ಹೇಳಿದರೂ ನಡೆಯುತ್ತದೆ. ಐಸಿ ಹೋಗಿದೆ, ಬದಲಿಸಿಕೊಡಿ ಅನ್ನಬೇಡಿ. ಯಾವಾಗ ಶುರುವಾಯಿತು, ಬಿಸಿಯಾದ ಮೇಲೋ ಆನ್ ಮಾಡಿದ ಕೂಡಲೋ, ಎರಡೂ ಚಾನೆಲ್ಲಿನಲ್ಲೋ ಒಂದರಲ್ಲೋ, ಸಿಡಿಲು ಬಂದಿತ್ತೋ, ಇಷ್ಟು ಹೇಳಿ. ಒಳಗೆ ನೀವು ಕೈ ಹಾಕಿದ್ದರೆ ಎಲ್ಲಿ ಅಂತ ತೋರಿಸಿ. ಅಡಗಿಸಿದರೆ ಅವರು ಅರ್ಧ ದಿನ ನಿಮ್ಮ ಸೋಲ್ಡರನ್ನೇ ಹುಡುಕುತ್ತಾ ಕೂರಬೇಕಾಗುತ್ತದೆ. ಆ ಅರ್ಧ ದಿನದ ಮಜೂರಿ ಕೊಡುವವರು ನೀವೇ.

ನಾನು ಈಗ ಒಂದು ಚೀಟಿ ಬರೆದು ಆಂಪಿನ ಮೇಲೆ ಅಂಟಿಸಿ ಕೊಡುತ್ತೇನೆ. ಮೊದಲ ಸಾಲು ಯಾವಾಗಲೂ ಒಂದೇ: "ಬೇರೆ ವಯರ್ ಹಾಕಿ ನೋಡಿದ್ದೇನೆ." ಅಣ್ಣ ಅದನ್ನು ಓದಿ, ಏನೂ ಹೇಳದೆ, ಸ್ಕ್ರೂ ಬಿಚ್ಚಲು ಶುರು ಮಾಡುತ್ತಾರೆ.